ಕೇಡೋ, ಕೆಡುಕನೋ? ‘ಪೊನೇರೊಸ್’ ಪದದ ಕನ್ನಡ ರೂಪ

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಕೆಟ್ಟದ್ದನ್ನು ಹೇಳುವ ಮುಖ್ಯ ಪದಗಳು ಎರಡು: ‘ಕಕೋಸ್’ ಮತ್ತು ‘ಪೊನೇರೊಸ್’. ಮೊದಲನೆಯದು ಸಾಮಾನ್ಯಾರ್ಥದ್ದು. ಎರಡನೆಯದರ ಚರಿತ್ರೆ ಬೇರೆ. ಅದು ‘ಪೊನೊಸ್’ ಎಂಬ ನಾಮಪದದಿಂದ ಬಂದಿದೆ. ಪೊನೊಸ್ ಎಂದರೆ ದುಡಿಮೆ, ಬವಣೆ. ಬವಣೆಪಟ್ಟವನನ್ನು ಸೂಚಿಸುತ್ತಿದ್ದ ಮಾತು ಕ್ರಮೇಣ ಕೆಲಸಕ್ಕೆ ಬಾರದ್ದು, ಆಮೇಲೆ ನೀತಿಗೆಟ್ಟದ್ದು ಎಂಬ ಅರ್ಥಕ್ಕೆ ಇಳಿಯಿತು. ದಣಿದವನ ಹೆಸರು ದುಷ್ಟನಿಗೆ ಅಂಟಿದ್ದರಲ್ಲಿ ದುಡಿಯದವರ ತಾತ್ಸಾರವೂ ಇದ್ದಿರಬೇಕು. ಮತ್ತಾಯನ ಸುವಾರ್ತೆಯಲ್ಲಿ ಕಣ್ಣು ‘ಪೊನೇರೊಸ್’ ಆಗಿದೆಯೆಂದರೆ ಅದು ದೃಷ್ಟಿದೋಷವಲ್ಲ, ಪರರಿಗೆ ಸಿಕ್ಕಿದ್ದನ್ನು ಸಹಿಸದ ಜಿಪುಣ ಬುದ್ಧಿ.

ನಿಜವಾದ ತೊಡಕು ಅದೇ ಸುವಾರ್ತೆಯ 6ನೆಯ ಅಧ್ಯಾಯದ ಪ್ರಾರ್ಥನೆಯಲ್ಲಿದೆ. ಅಲ್ಲಿ ಬಿಡುಗಡೆ ಬೇಡುವುದು ‘ತೂ ಪೊನೇರೂ’ ಎಂಬುದರಿಂದ. ಈ ವಿಭಕ್ತಿರೂಪ ಪುಲ್ಲಿಂಗಕ್ಕೂ ನಪುಂಸಕಕ್ಕೂ ಒಂದೇ. ಆದುದರಿಂದ ಅದು ಕೆಟ್ಟದ್ದೂ ಆಗಬಹುದು, ಕೆಟ್ಟವನಾದ ಸೈತಾನನೂ ಆಗಬಹುದು. ಗ್ರೀಕ್ ವ್ಯಾಖ್ಯಾನಕಾರ ಕ್ರಿಸೊಸ್ತೊಮನು ಸೈತಾನನೆಂದೇ ತಿಳಿದನು. ಲ್ಯಾಟಿನ್ ಅನುವಾದದ ‘ಮಾಲೊ’ ಮೂಲದ ಸಂದಿಗ್ಧತೆಯನ್ನು ಹಾಗೆಯೇ ಉಳಿಸಿಕೊಂಡಿತು. 1611ರ ಇಂಗ್ಲಿಷ್ ಅನುವಾದ ಕೆಟ್ಟದ್ದು ಎಂದಿತು. 1881ರ ಪರಿಷ್ಕರಣ ಕೆಟ್ಟವನು ಎಂದು ತಿದ್ದಿತು.

ಕನ್ನಡಕ್ಕೆ ಲ್ಯಾಟಿನ್ನಿನ ಆ ಅನುಕೂಲ ಇಲ್ಲ. ಇಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ‘ಕೇಡಿನಿಂದ’ ಎಂದರೆ ವಸ್ತು, ‘ಕೆಡುಕನಿಂದ’ ಎಂದರೆ ವ್ಯಕ್ತಿ. ಜೈನ ವೈಯಾಕರಣ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕಿಟೆಲ್ಲರಂಥ ಮಿಷನರಿಗೆ ಈ ಭೇದ ತಿಳಿಯದ್ದಲ್ಲ. ಬಳ್ಳಾರಿಯಲ್ಲಿ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಅವರ ಪೂರ್ಣ ಬೈಬಲ್ 1831ರಷ್ಟು ಹಿಂದಿನದು. ಅಂದಿನಿಂದ ಪರಿಷ್ಕರಣಗಳು ನಡೆಯುತ್ತ ಬಂದಿವೆ. ಬಹುಕಾಲದಿಂದ ಬಳಕೆಯಲ್ಲಿರುವ ಕನ್ನಡ ಪಾಠ ಪ್ರಾರ್ಥನೆಯಲ್ಲಿ ‘ಕೇಡು’ ಎಂಬುದನ್ನೇ ಆರಿಸಿದೆ. ಆದರೆ ಯೋಹಾನನ ಮೊದಲನೆಯ ಪತ್ರದ ಕೊನೆಯ ಅಧ್ಯಾಯದಲ್ಲಿ, ಲೋಕವೆಲ್ಲ ಯಾರ ವಶದಲ್ಲಿದೆ ಎಂದು ಹೇಳುವಾಗ, ಅದೇ ಗ್ರೀಕ್ ಪದಕ್ಕೆ ‘ಕೆಡುಕ’ ಎಂದಿದೆ.

ಎರಡೂ ‘ಕೆಡು’ ಧಾತುವಿನ ಮಕ್ಕಳೇ. ಆದರೂ ಪ್ರಾರ್ಥನೆಯನ್ನು ಬಾಯಿಪಾಠ ಮಾಡಿದ ಕನ್ನಡಿಗನ ಕಿವಿಗೆ ಅಲ್ಲಿ ಎದುರಾಳಿಯೊಬ್ಬ ನಿಂತಿರುವುದು ಕೇಳಿಸುವುದಿಲ್ಲ. ಕೇಳಿಸುವುದು ಹಾಳಾಗುವ ಭಯ.