ಬುಟ್ಟಿಯೆಂಬ ಹೆಸರು

ಹತ್ತಿಯ ಹಗ್ಗವನ್ನು ಸುತ್ತಿ ಹೊಲಿದು, ಮಕ್ಕಳ ಆಟಿಕೆಗಳನ್ನೊ ಮಡಿಸದೆ ಉಳಿದ ಬಟ್ಟೆಗಳನ್ನೊ ತುಂಬಿಡಲೆಂದು ಮಾಡಿದ ಮೆತ್ತನೆಯ ವಸ್ತುವೊಂದು ಈಚೆಗೆ ಪೇಟೆಯ ಮನೆಗಳನ್ನು ಪ್ರವೇಶಿಸಿದೆ. ಅದನ್ನು ಮಾರುವವರೂ ಕೊಳ್ಳುವವರೂ ಯಾವ ಅಳುಕೂ ಇಲ್ಲದೆ ‘ಬುಟ್ಟಿ’ ಎಂದೇ ಕರೆಯುವುದನ್ನು ಕೇಳುವಾಗ, ಬಿದಿರು ಬೆತ್ತಗಳ ಸಹವಾಸದಲ್ಲಿ ಬೆಳೆದ ಈ ಶಬ್ದ ನೂಲಿನೊಡನೆ ಇಷ್ಟು ಸಲೀಸಾಗಿ ಹೊಂದಿಕೊಂಡದ್ದು ಹೇಗೆಂಬ ಕುತೂಹಲ ಹುಟ್ಟುತ್ತದೆ.

ಬುಟ್ಟಿಯ ಬಂಧುಬಳಗ ದೊಡ್ಡದು. ಗೊಬ್ಬರ ಹೊರಲು ಮಂಕರಿ, ಅನ್ನ ಬಸಿಯಲು ಸಿಬ್ಬಲು, ಹರಿವ ನೀರಿನಲ್ಲಿ ಮೀನು ಹಿಡಿಯಲು ಕೂಳಿ—ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಹೆಸರು. ಹಳಗನ್ನಡದ ‘ಪಡಲಿಗೆ’ಯು ಪಕಾರವನ್ನು ಹಕಾರಕ್ಕೆ ಬಿಟ್ಟುಕೊಟ್ಟು ‘ಹಡಲಿಗೆ’ಯಾಗಿ, ಸವದತ್ತಿಯ ಎಲ್ಲಮ್ಮನ ಭಕ್ತರು ‘ಹಡಲಿಗೆ ತುಂಬಿಸುವ’ ಆಚಾರದಲ್ಲಿ ಇಂದಿಗೂ ಜೀವಂತವಾಗಿದೆ. ಆದರೆ ಇಂತಹ ನಾಮಗಳಿಗೆಲ್ಲ ಒಂದು ದೌರ್ಬಲ್ಯವುಂಟು: ಕೆಲಸ ನಿಂತರೆ ಹೆಸರೂ ನಿಲ್ಲುತ್ತದೆ. ಅನ್ನವನ್ನು ಕುಕ್ಕರಿನಲ್ಲಿ ಬೇಯಿಸುವ ಮನೆಯ ಮಗುವಿಗೆ ಸಿಬ್ಬಲೆಂದರೆ ಏನೂ ತೋಚದು. ಬುಟ್ಟಿಯಾದರೊ ಯಾವ ಒಂದು ಕಾರ್ಯಕ್ಕೂ ತನ್ನನ್ನು ಕಟ್ಟಿಹಾಕಿಕೊಳ್ಳಲಿಲ್ಲ. ಹೂವಿಗೂ ಹಾವಿಗೂ ಕಸಕ್ಕೂ ಸಮಾನವಾಗಿ ಒದಗಿತು. ಚತುರನೊಬ್ಬನು ಸವಿಮಾತಿನಿಂದ ಅಧಿಕಾರಿಯನ್ನು ಒಲಿಸಿಕೊಂಡರೂ ‘ಬುಟ್ಟಿಗೆ ಹಾಕಿಕೊಂಡ’ ಎನ್ನುತ್ತೇವಲ್ಲವೆ? ಈ ನಿರ್ಲಿಪ್ತತೆಯೇ ಅದರ ದೀರ್ಘಾಯುಷ್ಯದ ರಹಸ್ಯವೆಂದು ನನ್ನ ಎಣಿಕೆ.

ಬುಟ್ಟಿಯೆಂದರೆ ಬಿಗಿಯಾಗಿ ನಿಲ್ಲತಕ್ಕದ್ದು, ಬರಿದಾದಾಗ ಮುದುಡಿಕೊಳ್ಳುವುದು ಚೀಲವೇ ಹೊರತು ಬುಟ್ಟಿಯಲ್ಲ ಎಂದು ಆಕ್ಷೇಪಿಸುವವರಿರಬಹುದು. ಆದರೆ ಮೇದರ ಬುಟ್ಟಿಯೂ ಅಪ್ಪಟ ಬಿದಿರಾಗಿಯೇ ಉಳಿದುದಲ್ಲ. ನೆನೆದ ಮೆಂತ್ಯವನ್ನೂ ಹಳೆಯ ಕಾಗದವನ್ನೂ ಒಟ್ಟಿಗೆ ರುಬ್ಬಿ, ಆ ರೊದ್ದವನ್ನು ಸಂದುಗಳಿಗೆ ಬಳಿದು, ಬಿಸಿಲಿನಲ್ಲಿ ಒಣಗಿಸಿ, ರಾಗಿಹಿಟ್ಟು ಸೋರದಂತೆ ಮಾಡಿಕೊಳ್ಳುತ್ತಿದ್ದ ಗೃಹಿಣಿಯರು ಅದನ್ನು ಅರ್ಧ ಕಾಗದದ ಪಾತ್ರೆಯನ್ನಾಗಿಸಿದ್ದರೂ, ಹೆಸರು ಬದಲಾಗಲಿಲ್ಲ.

ಹತ್ತಿಯ ಬುಟ್ಟಿಯ ನಿರ್ಮಾಣಕ್ರಮವೂ ನೋಡತಕ್ಕದ್ದೇ. ತಲೆಯ ಮೇಲೆ ಕೊಡ ಹೊರುವವರು ಸುತ್ತಿಕೊಳ್ಳುವ ಸಿಂಬಿಯಂತೆ ಹಗ್ಗವನ್ನು ನಡುವಿನಿಂದ ಸುತ್ತುತ್ತ, ಪಕ್ಕಪಕ್ಕದ ಎರಡು ಸುತ್ತುಗಳನ್ನೂ ಹಿಡಿಯುವಂತೆ ಹೊಲಿಗೆಯಂತ್ರದ ಅಂಕುಡೊಂಕು ಹೊಲಿಗೆಯನ್ನು ಹಾಕುತ್ತ ಹೋಗುತ್ತಾರೆ. ತಳವು ಬೇಕಾದಷ್ಟು ಅಗಲವಾದೊಡನೆ ಅದನ್ನು ಎತ್ತಿ ಯಂತ್ರದ ಮೈಗೆ ಆನಿಸಿ ಹಿಡಿದು ಹೊಲಿದರೆ, ಮುಂದಿನ ಸುತ್ತುಗಳು ತಾವಾಗಿ ಗೋಡೆಯಂತೆ ಮೇಲೇಳುತ್ತವೆ. ಹೆಣಿಗೆಯಿಲ್ಲದ ಬುಟ್ಟಿಯಿದು.

ನನಗೆ ತುಸು ಮುಜುಗರವಾಗುವುದು ಬುಟ್ಟಿಯೆಂಬ ನಾಮಪದದಿಂದಲ್ಲ, ಅದರ ಮುಂದೆ ಈಗ ತಪ್ಪದೆ ಬಂದು ಕೂಡುವ ‘ಪರಿಸರಸ್ನೇಹಿ’ ಎಂಬ ವಿಶೇಷಣದಿಂದ. ಹನ್ನೆರಡನೆಯ ಶತಮಾನದಲ್ಲಿ ಬುಟ್ಟಿ ಹೆಣೆಯುವುದನ್ನೇ ಕಾಯಕವಾಗಿಸಿಕೊಂಡಿದ್ದ ಮೇದಾರ ಕೇತಯ್ಯನಿಗೆ ಈ ವಿಶೇಷಣದ ಅಗತ್ಯವಿರಲಿಲ್ಲ. ಹತ್ತಿಯ ಬೆಳೆ ನೀರನ್ನೂ ಕೀಟನಾಶಕವನ್ನೂ ಧಾರಾಳವಾಗಿ ಬೇಡುವಂತಹುದು. ಆದುದರಿಂದ ಹೊಸ ನೂಲಿನ ಬುಟ್ಟಿಗಿಂತ ಗಿರಣಿಯಲ್ಲಿ ಉಳಿದ ತುಣುಕುನೂಲಿನದೊ ಹಳೆಯ ಸೀರೆಯದೊ ಆದ ಬುಟ್ಟಿಗೆ ಆ ಮರ್ಯಾದೆ ಹೆಚ್ಚು ಸಲ್ಲುತ್ತದೆ. ಅಲ್ಲದೆ ಹೊರಗೆ ಹತ್ತಿಯಾಗಿ ಒಳತಿರುಳಿನಲ್ಲಿ ಪಾಲಿಯೆಸ್ಟರ್ ಅಡಗಿರುವ ಹಗ್ಗಗಳೂ ಉಂಟು. ತುದಿಯಲ್ಲಿ ಒಳತಿರುಳಿನ ಒಂದೆರಡು ಎಳೆಗಳನ್ನು ಕಿತ್ತು ಉರಿಗೆ ಹಿಡಿದರೆ, ಹತ್ತಿಯಾಗಿದ್ದಲ್ಲಿ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ವಿಶೇಷಣವನ್ನು ಆಮೇಲೆ ಹಚ್ಚಿದರಾಯಿತು.