ಉತ್ತಮ ಪುರುಷನೂ ಮಧ್ಯಮ ಪುರುಷನೂ: ಗಂಡಸುತನವನ್ನು ಕುರಿತ ಜಾಹೀರಾತುಗಳಿಗೆ ದೊರೆತ ಜನಪ್ರತಿಕ್ರಿಯೆಯ ವಿವೇಚನೆ

ನಮ್ಮ ವ್ಯಾಕರಣವು ಮಾತನ್ನಾಡುವವನನ್ನು ಉತ್ತಮ ಪುರುಷನೆಂದೂ, ಆ ಮಾತನ್ನು ಎದುರಿಗೆ ನಿಂತು ಕೇಳುವವನನ್ನು ಮಧ್ಯಮ ಪುರುಷನೆಂದೂ, ಇವರಿಬ್ಬರ ಮಾತಿಗೆ ವಿಷಯವಾಗಿ ದೂರದಲ್ಲಿ ಉಳಿದವನನ್ನು ಪ್ರಥಮ ಪುರುಷನೆಂದೂ ಕರೆಯುತ್ತದೆ. ಈ ಹೆಸರುಗಳಲ್ಲಿ ಶೀಲದ ತಾರತಮ್ಯವೇನೂ ಅಡಗಿಲ್ಲ. ಅವು ಕೇವಲ ಸ್ಥಾನಸೂಚಕಗಳು. ಆದರೂ ಗಂಡಸುತನದ ಗುಣದೋಷಗಳನ್ನೇ ವಸ್ತುವಾಗಿ ಮಾಡಿಕೊಂಡ ಕೆಲವು ಜಾಹೀರಾತುಗಳಿಗೆ ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಜನ ತೋರಿದ ಪ್ರತಿಕ್ರಿಯೆಯನ್ನು ಪರಿಶೀಲಿಸುತ್ತ ಬಂದಂತೆ, ಒಂದನ್ನು ಲೋಕವು ತಲೆಯ ಮೇಲೆ ಹೊತ್ತು ಮೆರೆಸಿದುದಕ್ಕೂ ಅದೇ ಮಾತನ್ನಾಡಿದ ಮತ್ತೊಂದನ್ನು ಕಾಲ ಕೆಳಗೆ ಹಾಕಿ ತುಳಿದುದಕ್ಕೂ ಕಾರಣವನ್ನು ಅವುಗಳ ತತ್ತ್ವದಲ್ಲಿ ಅರಸುವುದಕ್ಕಿಂತ ಈ ಪುರುಷವ್ಯವಸ್ಥೆಯಲ್ಲಿ, ಎಂದರೆ ಯಾರು ಯಾರಿಗೆ ಯಾವ ನೆಲೆಯಲ್ಲಿ ನಿಂತು ಮಾತನಾಡಿದರೆಂಬುದರಲ್ಲಿ, ಅರಸುವುದು ಹೆಚ್ಚು ಫಲಕಾರಿಯೆಂದು ನನಗೆ ತೋರಿದೆ.

ಮೊದಲು ಹೆಚ್ಚು ಕೋಲಾಹಲವನ್ನೆಬ್ಬಿಸಿದ ಪ್ರಸಂಗವನ್ನು ನೋಡಬಹುದು. ಕಿಂಗ್ ಕ್ಯಾಂಪ್ ಜಿಲೆಟ್ 1901ರಲ್ಲಿ ಬಾಸ್ಟನ್ ನಗರದಲ್ಲಿ ಸ್ಥಾಪಿಸಿದ, 2005ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯ ವಶಕ್ಕೆ ಬಂದ ಕ್ಷೌರಸಾಮಗ್ರಿಯ ಕಂಪೆನಿಯು 1989ರಿಂದ ಒಂದೇ ಘೋಷವಾಕ್ಯವನ್ನು ಸಾರಿಕೊಂಡು ಬಂದಿತ್ತು: ಗಂಡಸಿಗೆ ದೊರಕಬಹುದಾದುದರಲ್ಲಿ ಅತ್ಯುತ್ತಮವಾದುದು ತನ್ನ ಅಲಗು ಎಂಬುದು ಅದರ ತಾತ್ಪರ್ಯ. ಮೂವತ್ತು ವರ್ಷಗಳ ಅನಂತರ, 2019ರ ಜನವರಿಯಲ್ಲಿ, ಕಿಮ್ ಗೆರಿಗ್ ನಿರ್ದೇಶಿಸಿದ ಎರಡು ನಿಮಿಷಕ್ಕೂ ಕಡಮೆಯ ಚಿತ್ರವೊಂದರಲ್ಲಿ ಈ ವಾಕ್ಯದ ಕ್ರಿಯಾಪದ ಬದಲಾಯಿತು. ‘ದೊರಕುವುದು’ ಹೋಗಿ ‘ಆಗುವುದು’ ಬಂದಿತು. ಗಂಡಸಿಗೆ ಏನು ಸಿಕ್ಕೀತು ಎಂಬ ಮಾತು ಗಂಡಸು ಏನಾದಾನು ಎಂದು ತಿರುಗಿತು. ಸರಕನ್ನು ಮಾರುವ ವಾಕ್ಯವೊಂದು ಧರ್ಮಜಿಜ್ಞಾಸೆಯ ವಾಕ್ಯವಾಗುವುದಕ್ಕೆ ಇಷ್ಟು ಅಲ್ಪ ವ್ಯತ್ಯಾಸ ಸಾಕೆಂಬುದು ನನ್ನನ್ನು ಇಂದಿಗೂ ವಿಸ್ಮಯಗೊಳಿಸುತ್ತದೆ.

2017ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಹೊತ್ತಿಕೊಂಡ ‘ಮೀ ಟೂ’ ಚಳವಳಿಯ ಜ್ವಾಲೆ ಆಗ ಇನ್ನೂ ಆರಿರಲಿಲ್ಲ. ಚಿತ್ರದಲ್ಲಿ ಹುಡುಗರ ಗುಂಪೊಂದು ಮತ್ತೊಬ್ಬ ಹುಡುಗನನ್ನು ಅಟ್ಟಿಸಿಕೊಂಡು ಹೋಗುತ್ತದೆ. ಕಚೇರಿಯ ಸಭೆಯಲ್ಲಿ ಒಬ್ಬನು ಮಹಿಳೆಯ ಹೆಗಲ ಮೇಲೆ ಕೈಯಿಟ್ಟು ಆಕೆ ಹೇಳಬೇಕೆಂದುಕೊಂಡುದನ್ನು ತಾನೇ ಹೇಳುತ್ತಾನೆ. ಮಾಂಸ ಸುಡುವ ಒಲೆಗಳ ಹಿಂದೆ ಸಾಲಾಗಿ ಕೈಕಟ್ಟಿ ನಿಂತ ಗಂಡಸರು, ಹುಡುಗರೆಂದರೆ ಹೀಗೆಯೇ ಸರಿ ಎಂಬ ಸಮಾಧಾನದ ಮಾತನ್ನು ಒಬ್ಬರಾದ ಮೇಲೊಬ್ಬರಂತೆ ಮಂತ್ರದ ಹಾಗೆ ಪಠಿಸುತ್ತಾರೆ. ಉತ್ತರಾರ್ಧದಲ್ಲಿ ದೃಶ್ಯ ತಿರುಗುತ್ತದೆ: ಒಬ್ಬನು ಬೀದಿಯಲ್ಲಿ ಹೆಣ್ಣಿನ ಬೆನ್ನುಹತ್ತಲು ಹೊರಟ ಗೆಳೆಯನನ್ನು ತಡೆಯುತ್ತಾನೆ, ಒಬ್ಬ ತಂದೆ ಹೊಡೆದಾಡುವ ಮಕ್ಕಳನ್ನು ಬಿಡಿಸುತ್ತಾನೆ. ಇಂದು ನೋಡುತ್ತಿರುವ ಬಾಲಕರೇ ನಾಳಿನ ಗಂಡಸರೆಂಬ ಅಭಿಪ್ರಾಯದೊಂದಿಗೆ ಚಿತ್ರ ಮುಗಿಯುತ್ತದೆ. ಜೊತೆಗೆ ಮೂರು ವರ್ಷಗಳ ಕಾಲ ವರ್ಷಕ್ಕೆ 10 ಲಕ್ಷ ಡಾಲರುಗಳನ್ನು ಸೇವಾಸಂಸ್ಥೆಗಳಿಗೆ ಕೊಡುವ ಭರವಸೆಯೂ ಇತ್ತು.

ಇದರಲ್ಲಿ ಅಸತ್ಯವಾದುದು ಯಾವುದೂ ಇಲ್ಲವೆಂದೇ ನಾನು ತಿಳಿದಿದ್ದೇನೆ. ಆದರೂ ಯೂಟ್ಯೂಬಿನಲ್ಲಿ ಅದಕ್ಕೆ ಬಿದ್ದ ಅಸಮ್ಮತಿಯ ಮತಗಳು ಹತ್ತು ಲಕ್ಷವನ್ನು ಮೀರಿ ಸಮ್ಮತಿಯ ಮತಗಳನ್ನು ಹಿಂದೆ ಹಾಕಿದುವು. ಬ್ರಿಟನ್ನಿನ ಟೆಲಿವಿಷನ್ ನಿರೂಪಕ ಪಿಯರ್ಸ್ ಮಾರ್ಗನ್ ತಾವು ಜೀವಮಾನವೆಲ್ಲ ಬಳಸಿದ ಅಲಗನ್ನು ತ್ಯಜಿಸಬೇಕಾದೀತೆಂದು ಬಹಿರಂಗವಾಗಿ ನುಡಿದರು. ರೇಜರುಗಳನ್ನು ಶೌಚಕೂಪಕ್ಕೆ ಎಸೆದು ಅದರ ಚಿತ್ರವನ್ನು ಲೋಕಕ್ಕೆ ತೋರಿದವರೂ ಉಂಟು. ಅತ್ತ ಮಾರ್ಟಿನ್ ಲೂಥರ್ ಕಿಂಗ್ ಅವರ ಪುತ್ರಿ ಬರ್ನೀಸ್ ಕಿಂಗ್, ಇದು ಗಂಡಸರಿಗೆ ವಿರೋಧವಾದುದಲ್ಲ, ಮನುಷ್ಯತ್ವದ ಪರವಾದುದು ಎಂದು ಸಮರ್ಥಿಸಿದರು. ಇಲ್ಲಿ ಸಂಶೋಧಕನು ಒಂದು ಎಚ್ಚರವನ್ನು ವಹಿಸಬೇಕಾಗುತ್ತದೆ. ಯೂಟ್ಯೂಬಿನ ಮತವೆಂಬುದು ತಾವಾಗಿ ಬಂದು ಹಾಕುವವರ ಮತ. ಕುದಿಯುತ್ತಿರುವವನು ಬರುತ್ತಾನೆ, ಮೆಚ್ಚಿ ಸುಮ್ಮನಾದವನು ಬರುವುದಿಲ್ಲ. ಅದೇ ಕಾಲದಲ್ಲಿ ಅಮೆರಿಕದಲ್ಲಿ ನಡೆದ ಮಾದರಿ ಸಮೀಕ್ಷೆಯಲ್ಲಿ ಚಿತ್ರವನ್ನು ಮೆಚ್ಚಿದವರೇ ಹೆಚ್ಚಾಗಿದ್ದರೆಂಬುದನ್ನು ಮರೆತು ಆ ಹತ್ತು ಲಕ್ಷವನ್ನೇ ‘ಜನಾಭಿಪ್ರಾಯ’ವೆಂದು ಬರೆದುಬಿಡುವುದು ಸಂತೆಯಲ್ಲಿ ಗಟ್ಟಿಯಾಗಿ ಕೂಗಿದವನನ್ನೇ ಊರೆಂದು ಎಣಿಸಿದಂತೆ.

ಇದಕ್ಕಿಂತ ದೊಡ್ಡ ಪ್ರಮಾದವೊಂದು ಆ ವರ್ಷದ ಜುಲೈಯಲ್ಲಿ ಘಟಿಸಿತು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ತನ್ನ ಲೆಕ್ಕಪತ್ರಗಳಲ್ಲಿ ಜಿಲೆಟ್ಟಿನ ಮೌಲ್ಯವನ್ನು 800 ಕೋಟಿ ಡಾಲರುಗಳಷ್ಟು ತಗ್ಗಿಸಿ ತೋರಿಸಿದಾಗ, ಚಿತ್ರದ ವಿರೋಧಿಗಳು ಇದನ್ನು ಗಂಡಸರ ಕೋಪದ ದಂಡವೆಂದು ಸಂಭ್ರಮಿಸಿದರು. ಕಂಪೆನಿಯಾದರೋ ನಾಣ್ಯಗಳ ಮೌಲ್ಯವ್ಯತ್ಯಾಸವನ್ನೂ, ಗಂಡಸರು ಮೊದಲಿನಷ್ಟು ಬಾರಿ ಗಡ್ಡ ಹೆರೆದುಕೊಳ್ಳದಿರುವುದನ್ನೂ, ಹೊಸ ಪ್ರತಿಸ್ಪರ್ಧಿಗಳನ್ನೂ ಕಾರಣವಾಗಿ ಹೇಳಿತು. ಅಗ್ಗದ ಅಲಗನ್ನು ಅಂಚೆಯಲ್ಲಿ ಮನೆಬಾಗಿಲಿಗೆ ಕಳುಹಿಸುತ್ತಿದ್ದ ಡಾಲರ್ ಷೇವ್ ಕ್ಲಬ್ಬನ್ನು ಯೂನಿಲಿವರ್ 2016ರಲ್ಲಿಯೇ ಕೊಂಡಿತ್ತು; ಜಿಲೆಟ್ ತಾನೇ 2017ರಲ್ಲಿ ಬೆಲೆಗಳನ್ನು ಇಳಿಸಬೇಕಾಗಿ ಬಂದಿತ್ತು. 2005ರಲ್ಲಿ ತೆತ್ತ ಬೆಲೆಯ ಮೇಲೆ ನಿಂತ ಲೆಕ್ಕವು ಆರು ತಿಂಗಳ ಹಿಂದಿನ ಒಂದು ಚಿತ್ರದಿಂದ ಕುಸಿಯಿತೆನ್ನುವುದು ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸಂಬಂಧ ಕಲ್ಪಿಸುವ ತರ್ಕವೇ ಆಗಿದೆ.

ಆದರೆ ಕೋಪವು ಲೆಕ್ಕಪತ್ರವನ್ನು ಮುಟ್ಟಲಿಲ್ಲವೆಂದ ಮಾತ್ರಕ್ಕೆ ಕೋಪವೇ ಇರಲಿಲ್ಲವೆಂದಾಗಲಿಲ್ಲ. ಅದರ ಮೂಲವನ್ನು ಶೋಧಿಸಬೇಕಾದರೆ ಚಿತ್ರದ ಸರ್ವನಾಮವನ್ನು ಹಿಡಿಯಬೇಕು. ಹಿನ್ನೆಲೆಯ ಧ್ವನಿಯು ಚಿತ್ರದುದ್ದಕ್ಕೂ ‘ನಾವು’ ಎಂದೇ ಹೇಳುತ್ತದೆ. ವ್ಯಾಕರಣಕ್ಕೆ ಅದು ಉತ್ತಮ ಪುರುಷವೇ ಹೌದು. ಆದರೆ ಆ ‘ನಾವು’ ಯಾರು? ಕೈಕಟ್ಟಿ ಸಾಲಾಗಿ ನಿಂತವರೊಳಗಿನ ಒಬ್ಬನು ಮುಂದೆ ಬಂದು ತಾನು ಹೀಗಿದ್ದೆನೆಂದು ಹೇಳುವುದಿಲ್ಲ. ಮೂವತ್ತು ವರ್ಷ ಅದೇ ಗಂಡಸರ ದವಡೆಯ ಗಡುಸನ್ನೂ ಗೆಲವಿನ ನಗೆಯನ್ನೂ ಕೊಂಡಾಡಿ ಹಣಗಳಿಸಿದ ಕಂಪೆನಿಯೊಂದು ಒಮ್ಮೆಗೇ ಪೀಠವೇರಿ ‘ನಾವು’ ಎಂದಾಗ, ಕೇಳಿದವನ ಕಿವಿಯಲ್ಲಿ ಅದು ‘ನೀವು’ ಎಂದೇ ಬಿದ್ದಿತು. ಬರೆದುದು ಉತ್ತಮ ಪುರುಷ, ತಲುಪಿದುದು ಮಧ್ಯಮ ಪುರುಷ. ತನ್ನ ಹಳೆಯ ಜಾಹೀರಾತಿನ ಪರದೆಯನ್ನು ಹುಡುಗರು ಹರಿದುಕೊಂಡು ಓಡಿಬರುವ ಒಂದು ದೃಶ್ಯದಲ್ಲಿ ಕಂಪೆನಿಯು ತನ್ನ ಹೊಣೆಯನ್ನು ಸೂಚ್ಯವಾಗಿ ಒಪ್ಪಿಕೊಂಡಿತೆಂದು ಸಹೃದಯನು ವ್ಯಾಖ್ಯಾನಿಸಬಹುದು. ಆದರೆ ತಪ್ಪೊಪ್ಪಿಗೆಯು ಧ್ವನಿಕಾವ್ಯದಂತೆ ವ್ಯಂಗ್ಯಾರ್ಥದಲ್ಲಿ ಅಡಗಿ ಕುಳಿತರೆ ಅದನ್ನು ತಪ್ಪೊಪ್ಪಿಗೆಯೆಂದು ಯಾರೂ ಗ್ರಹಿಸುವುದಿಲ್ಲ. ಕೋಪಗೊಂಡವರೆಲ್ಲ ಹೆಣ್ಣಿನ ದ್ವೇಷಿಗಳೆಂದು ನಾನು ಒಪ್ಪಲಾರೆ. ಅವರಲ್ಲಿ ಅನೇಕರು ಕೇಳಿದ ಪ್ರಶ್ನೆ, ಬೋಧಿಸುವ ಅಧಿಕಾರ ನಿನಗೆ ಎಲ್ಲಿಂದ ಬಂದಿತು ಎಂಬುದು. ಚಿತ್ರದ ಆಶಯವನ್ನು ಮೆಚ್ಚಿದ ಸ್ತ್ರೀಪರ ವಿಮರ್ಶಕರೂ ಇದೇ ಪ್ರಶ್ನೆಯನ್ನು ಬೇರೊಂದು ದಿಕ್ಕಿನಿಂದ ಎತ್ತಿದರು: ಹೆಂಗಸರ ರೇಜರಿಗೆ ಗಂಡಸರದಕ್ಕಿಂತ ಹೆಚ್ಚು ಬೆಲೆ ಕಟ್ಟುವ ಉದ್ಯಮವು ಸಮಾನತೆಯನ್ನು ಬೋಧಿಸುವುದೆಂತು? ನ್ಯೂಯಾರ್ಕ್ ನಗರದ ಬಳಕೆದಾರರ ಇಲಾಖೆ 2015ರಲ್ಲಿ ಪ್ರಕಟಿಸಿದ ಅಧ್ಯಯನವು ಹೆಂಗಸರಿಗಾಗಿ ಮಾಡಿದ ಸರಕುಗಳು ಸರಾಸರಿ ನೂರಕ್ಕೆ 7ರಷ್ಟು ತುಟ್ಟಿಯೆಂದು ತೋರಿಸಿತ್ತು.

ಇದೇ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯು ಭಾರತದಲ್ಲಿ ಏರಿಯಲ್ ಬಟ್ಟೆಸಾಬೂನಿನ ಪುಡಿಗಾಗಿ 2015ರಿಂದ ನಡೆಸಿದ, ಮನೆಗೆಲಸದ ಹೊರೆಯನ್ನು ಹಂಚಿಕೊಳ್ಳಿ ಎಂಬ ಪ್ರಚಾರವನ್ನು ಇದರ ಪಕ್ಕದಲ್ಲಿಡಬೇಕು. ಅದರಲ್ಲಿ 2016ರ ಚಿತ್ರ ಪ್ರಸಿದ್ಧವಾದುದು. ಮಗಳ ಮನೆಗೆ ಬಂದ ವೃದ್ಧ ತಂದೆಯೊಬ್ಬನು, ಕಚೇರಿಯಿಂದ ಬಂದ ಆಕೆ ಕಿವಿಗೆ ಫೋನನ್ನು ಆನಿಸಿಕೊಂಡೇ ಅಡಿಗೆ ಮಾಡುತ್ತ, ಬಟ್ಟೆಯನ್ನು ಯಂತ್ರಕ್ಕೆ ತುಂಬುತ್ತ, ಟೆಲಿವಿಷನ್ನಿನ ಮುಂದೆ ಕುಳಿತ ಗಂಡನಿಗೆ ಚಹಾ ಕೊಡುತ್ತ ಓಡಾಡುವುದನ್ನು ಕಾಣುತ್ತಾನೆ; ಕಂಡು, ಮಗಳಿಗೆ ಒಂದು ಕಾಗದ ಬರೆಯುತ್ತಾನೆ. ಆ ಕಾಗದದಲ್ಲಿ ಅಳಿಯನಿಗೆ ಉಪದೇಶವಿಲ್ಲ. ನಿನ್ನ ತಾಯಿಗೆ ನಾನು ಎಂದೂ ನೆರವಾಗಲಿಲ್ಲ, ನೀನು ಕಂಡುದನ್ನೇ ಕಲಿತೆ, ಇದು ನನ್ನ ತಪ್ಪು ಎಂಬುದಷ್ಟೇ ಅದರ ಸಾರ. ಬಳಿಕ ಆತನು ತನ್ನ ಊರಿಗೆ ಹೋಗಿ ತನ್ನ ಬಟ್ಟೆಗಳನ್ನು ತಾನೇ ಒಗೆಯಲು ತೆಗೆದಿಡುತ್ತಾನೆ. ಆ ಚಿತ್ರವನ್ನು ಆಗ ಫೇಸ್‌ಬುಕ್ಕಿನ ಉನ್ನತಾಧಿಕಾರಿಯಾಗಿದ್ದ ಶೆರಿಲ್ ಸ್ಯಾಂಡ್‌ಬರ್ಗ್ ಹೊಗಳಿ ಹಂಚಿದರು. ಲಕ್ಷಾಂತರ ಜನ ನೋಡಿ ಕಣ್ಣೊರಸಿಕೊಂಡರು. ಗಂಡಸರ ಮೇಲೆ ಹೊರಿಸಿದ ಆರೋಪವು ಜಿಲೆಟ್ಟಿನದಕ್ಕಿಂತ ಹಗುರವಾದುದಲ್ಲ. ಪ್ರತಿಯೊಂದು ಮನೆಯೊಳಗೂ ಅದು ನುಗ್ಗುತ್ತದೆ. ಆದರೆ ಆರೋಪಿಸಿದವನೂ ಆರೋಪಕ್ಕೆ ಗುರಿಯಾದವನೂ ಒಬ್ಬನೇ, ಆತನು ‘ನಾನು’ ಎಂದನು. ಕೇಳುವವನ ಕಡೆಗೆ ಯಾರೂ ಬೆರಳು ತೋರಿಸಲಿಲ್ಲವಾದುದರಿಂದ ಆತನು ತಾನಾಗಿಯೇ ತನ್ನ ಎದೆಯನ್ನು ಮುಟ್ಟಿ ನೋಡಿಕೊಂಡನು.

ಇಷ್ಟಕ್ಕೆ ನಿಂತರೆ ನನ್ನ ವಾದವು ಸುಲಭವಾಗಿ ಗೆದ್ದಂತೆ ಆಗುತ್ತದೆ. ಆದರೆ ಸತ್ಯವು ಅಷ್ಟು ಸುಲಭವಾದುದಲ್ಲ. 2019ರ ಆದಿಯಲ್ಲಿ, ಎಂದರೆ ಜಿಲೆಟ್ ಚಿತ್ರಕ್ಕೆ ಹೆಚ್ಚುಕಡಮೆ ಸಮಕಾಲದಲ್ಲಿ, ಏರಿಯಲ್ಲಿಗಾಗಿ ಗೌರಿ ಶಿಂದೆ ನಿರ್ದೇಶಿಸಿದ ಚಿತ್ರದಲ್ಲಿ ತಪ್ಪನ್ನೊಪ್ಪಿಕೊಳ್ಳುವ ಉತ್ತಮ ಪುರುಷ ಹೆಂಗಸು: ಮಗಳಿಗೆ ಎಲ್ಲವನ್ನೂ ಕಲಿಸಿ ಮಗನಿಗೆ ಮನೆಗೆಲಸ ಕಲಿಸದೆ ಹೋದೆನೆಂದು ತಾಯಿಯೇ ಕೊರಗುತ್ತಾಳೆ. ಇದಕ್ಕೂ ಮೆಚ್ಚುಗೆ ದೊರೆಯಿತು. ಆದರೆ ದುಡಿದು ಬಳಲಿದವಳೇ ಬಳಲಿಕೆಯ ಹೊಣೆಯನ್ನೂ ಹೊತ್ತು, ಆಕೆಯ ಪತಿಯೂ ಪುತ್ರನೂ ನಿರ್ದೋಷಿಗಳಾಗಿ ಉಳಿದುದರಲ್ಲಿ ಅನ್ಯಾಯವಿಲ್ಲವೇ? ಒಂದು ಜಾಹೀರಾತಿಗೆ ಪ್ರತಿಭಟನೆ ಬರಲಿಲ್ಲವೆಂಬುದು ಅದರ ವಿವೇಕಕ್ಕೆ ಸಾಕ್ಷಿಯಾಗಬಹುದು, ಅದು ಯಾರನ್ನೂ ನೋಯಿಸುವಷ್ಟು ಹತ್ತಿರಕ್ಕೆ ಬರಲಿಲ್ಲವೆಂಬುದಕ್ಕೂ ಸಾಕ್ಷಿಯಾಗಬಹುದು. ಅದೇ 2019ರ ಜನವರಿಯಿಂದ ಡಿಸೆಂಬರಿನವರೆಗೆ ರಾಷ್ಟ್ರೀಯ ಅಂಕಿಸಂಖ್ಯಾ ಕಚೇರಿಯು ದೇಶದಾದ್ಯಂತ ಸಮಯವಿನಿಯೋಗದ ಸಮೀಕ್ಷೆಯನ್ನು ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸು ಅದಕ್ಕಾಗಿ ದಿನಕ್ಕೆ 299 ನಿಮಿಷಗಳನ್ನೂ, ಅದರಲ್ಲಿ ತೊಡಗಿದ ಗಂಡಸು 97 ನಿಮಿಷಗಳನ್ನೂ ವ್ಯಯಿಸುತ್ತಿದ್ದರು. ಅದರಲ್ಲಿ ತೊಡಗುತ್ತಿದ್ದ ಗಂಡಸರಾದರೋ ನೂರಕ್ಕೆ 26 ಮಂದಿ ಮಾತ್ರ. ಕಣ್ಣೊರಸಿಕೊಂಡವರು ಬಹುಮಂದಿ, ಬಟ್ಟೆ ಒಗೆದವರು ಕೆಲವರು. ಚಪ್ಪಾಳೆಯನ್ನು ಪರಿವರ್ತನೆಯೆಂದು ಎಣಿಸುವ ವಿದ್ವಾಂಸರು ಈ ಅಂಕಿಗಳನ್ನು ಎದುರಿಗಿಟ್ಟುಕೊಂಡು ಬರೆಯಬೇಕು.

ಜಿಲೆಟ್ ಭಾರತದಲ್ಲಿ ಬೇರೊಂದು ಹಾದಿಯನ್ನು ಹಿಡಿಯಿತೆಂಬುದೂ ಗಮನಾರ್ಹ. ಅದೇ ವರ್ಷದಲ್ಲಿ ಉತ್ತರ ಪ್ರದೇಶದ ಬನ್ವಾರಿ ಟೋಲಾ ಎಂಬ ಹಳ್ಳಿಯ ಇಬ್ಬರು ಅಕ್ಕತಂಗಿಯರ ನಿಜಕಥೆಯನ್ನು ಅದು ಚಿತ್ರಿಸಿತು. ತಂದೆ ಕಾಯಿಲೆ ಬಿದ್ದ ಮೇಲೆ ಆತನ ಕ್ಷೌರದ ಅಂಗಡಿಯನ್ನು ಈ ಹುಡುಗಿಯರು ವಹಿಸಿಕೊಂಡಿದ್ದರು. ಕ್ಷೌರಕ್ಕೆ ಬಂದ ಬಾಲಕನ ಸಂದೇಹಕ್ಕೆ ಆತನ ತಂದೆ ಕೊಡುವ ಉತ್ತರ, ಹಿಡಿದ ಕೈ ಹೆಣ್ಣಿನದೋ ಗಂಡಿನದೋ ಕತ್ತಿಗೇನು ಗೊತ್ತು ಎಂಬ ಅರ್ಥದ್ದು. ಇಲ್ಲಿ ಗಂಡಸರ ಗುಣವು ಪ್ರಥಮ ಪುರುಷದಲ್ಲಿ, ಯಾರದೋ ಊರಿನ ಯಾರದೋ ಕಥೆಯಾಗಿ ಬಂದಿತು, ವಿರೋಧ ಹುಟ್ಟಲಿಲ್ಲ. ಕನ್ನಡಿಗನಿಗೆ ಈ ದೃಶ್ಯದಲ್ಲಿ ವಿಶೇಷವಾದ ಅರ್ಥವುಂಟು. ಮೀಸೆ ತಿರುವುವುದು, ಮೀಸೆ ಮಣ್ಣಾಗುವುದು ಮುಂತಾದ ನಮ್ಮ ನುಡಿಗಟ್ಟುಗಳು ಪೌರುಷವನ್ನೆಲ್ಲ ಮುಖದ ರೋಮದಲ್ಲಿಯೇ ತಂದು ನಿಲ್ಲಿಸಿವೆ. ಹೇಡಿಯನ್ನು ಹಳಿಯಬೇಕಾದರೆ ಬಳೆ ತೊಟ್ಟುಕೊ ಎನ್ನುತ್ತೇವೆ. ಅಂತಹ ಮೀಸೆಯ ಮೇಲೆ ಬಳೆ ತೊಟ್ಟ ಕೈಯೊಂದು ಕತ್ತಿಯಾಡಿಸುವುದು, ಗಂಡಸು ನಿರ್ಭಯವಾಗಿ ಕೊರಳೊಡ್ಡಿ ಕುಳಿತಿರುವುದು ಯಾವ ಉಪದೇಶಕ್ಕಿಂತಲೂ ಹೆಚ್ಚಿನದು.

ಸರಕನ್ನೇ ಮಾರದ ಒಂದು ಪ್ರಚಾರವನ್ನು ಕೊನೆಗೆ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಪುರುಷತ್ರಯದ ಈ ತೊಡಕೇ ಇಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಶಾಸನವು 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಮೇಲೆ, ಬ್ರೇಕ್‌ಥ್ರೂ ಎಂಬ ಸಂಸ್ಥೆಯು 2008ರಲ್ಲಿ ‘ಬೆಲ್ ಬಜಾವೊ’ ಎಂಬ ಕಿರುಚಿತ್ರಗಳನ್ನು ಪ್ರಕಟಿಸಿತು. ಅದರ ಪ್ರಚಾರದ ವಾಹನಗಳು ನಮ್ಮ ಕರ್ನಾಟಕದ ಊರುಗಳಲ್ಲಿಯೂ ಸಂಚರಿಸಿದುವು. ನೆರೆಮನೆಯಿಂದ ಹೆಂಗಸೊಬ್ಬಳ ಚೀತ್ಕಾರ ಕೇಳುತ್ತದೆ. ಕೇಳಿದ ಗಂಡಸು ಎದ್ದು ಹೋಗಿ ಆ ಮನೆಯ ಕರೆಗಂಟೆಯನ್ನು ಒತ್ತುತ್ತಾನೆ. ಬಾಗಿಲು ತೆರೆದವನೊಡನೆ ಆತನು ಹೊಡೆತದ ಮಾತನ್ನೆತ್ತುವುದಿಲ್ಲ, ಶಾಸನವನ್ನು ಉದ್ಧರಿಸುವುದಿಲ್ಲ, ‘ನೀನು’ ಎನ್ನುವುದಿಲ್ಲ. ಸ್ವಲ್ಪ ಹಾಲು ಬೇಕಿತ್ತೆನ್ನುತ್ತಾನೆ. ಇನ್ನೊಂದು ಚಿತ್ರದಲ್ಲಿ ಚೆಂಡಾಡುವ ಹುಡುಗರು ತಮ್ಮ ಚೆಂಡನ್ನು ಕೇಳಲು ಬರುತ್ತಾರೆ, ಚೆಂಡಾದರೋ ಅವರಲ್ಲೊಬ್ಬನ ಕೈಯಲ್ಲಿಯೇ ಇರುತ್ತದೆ. ಹೊಡೆಯುತ್ತಿದ್ದವನು ಅದನ್ನು ನೋಡುತ್ತಾನೆ, ಅವರು ಏತಕ್ಕೆ ಬಂದರೆಂಬುದು ಆತನಿಗೆ ತಿಳಿಯುತ್ತದೆ, ಒಳಗಿನ ಸದ್ದು ನಿಲ್ಲುತ್ತದೆ.