ಸೂಜಿ ಕಂಡರೆ ಭಯ: ಅದು ಫೋಬಿಯಾ ಆಗುವುದು ಯಾವಾಗ?

ಇಂಜೆಕ್ಷನ್ ಎಂದರೆ ಯಾರಿಗೂ ಇಷ್ಟವಿಲ್ಲ. ಸೂಜಿ ಚುಚ್ಚುವಾಗ ಮುಖ ತಿರುಗಿಸುವುದು, ಕಣ್ಣು ಮುಚ್ಚಿಕೊಳ್ಳುವುದು ಸಹಜ. ಆದರೆ ಶುಗರ್ ಇರಬಹುದೆಂಬ ಅನುಮಾನವಿದ್ದರೂ ಸೂಜಿಯ ಭಯಕ್ಕೆ ರಕ್ತಪರೀಕ್ಷೆಯನ್ನು ವರ್ಷಗಟ್ಟಲೆ ಮುಂದೂಡುತ್ತಿದ್ದರೆ? ಅದನ್ನು ಪುಕ್ಕಲುತನ ಎಂದು ನಕ್ಕು ಬಿಡುವಂತಿಲ್ಲ.

ಭಯಕ್ಕೂ ಫೋಬಿಯಾಕ್ಕೂ ಏನು ವ್ಯತ್ಯಾಸ?

ಭಯ ಎಷ್ಟಿದೆ ಎನ್ನುವುದರ ಜೊತೆಗೆ, ಅದರಿಂದಾಗಿ ನಾವು ಏನೇನು ಬಿಡುತ್ತಿದ್ದೇವೆ ಎಂಬುದೂ ಮುಖ್ಯ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಗಮನಿಸಬೇಕಾದ ಅಂಶಗಳು ಇವು:

• ನಿಜವಾದ ಅಪಾಯಕ್ಕೆ ಹೋಲಿಸಿದರೆ ಭಯ ವಿಪರೀತವಾಗಿರುವುದು
• ಸೂಜಿ ಅಥವಾ ರಕ್ತ ಕಂಡಾಗ ಬಹುತೇಕ ಪ್ರತಿ ಬಾರಿಯೂ ಭಯವಾಗುವುದು
• ಅಂಥ ಸಂದರ್ಭವನ್ನೇ ತಪ್ಪಿಸಿಕೊಳ್ಳುವುದು, ಇಲ್ಲವೇ ತೀವ್ರ ಸಂಕಟದಿಂದ ಸಹಿಸಿಕೊಳ್ಳುವುದು
• ಸಾಮಾನ್ಯವಾಗಿ 6 ತಿಂಗಳು ಅಥವಾ ಹೆಚ್ಚು ಕಾಲ ಮುಂದುವರಿಯುವುದು
• ಚಿಕಿತ್ಸೆ, ಕೆಲಸ, ಓದು, ಸಂಬಂಧಗಳಿಗೆ ಅಡ್ಡಿಯಾಗುವುದು ಅಥವಾ ತೀವ್ರ ಮಾನಸಿಕ ಯಾತನೆ ಕೊಡುವುದು

ಈ ಪಟ್ಟಿ ಓದಿ ನಮಗೆ ನಾವೇ ರೋಗನಿರ್ಣಯ ಮಾಡಿಕೊಳ್ಳಬಾರದು. ವೈದ್ಯರನ್ನು ಕಾಣಬೇಕೇ ಎಂದು ತಿಳಿಯಲು ಮಾತ್ರ ಇದು ನೆರವಾಗುತ್ತದೆ.

ತಲೆಸುತ್ತಿ ಬೀಳುವುದು ನಾಟಕವೇ?

ಅಲ್ಲ. ಹಾವು, ಜೇಡ ಕಂಡಾಗ ಎದೆಬಡಿತ ಏರುತ್ತದೆ. ರಕ್ತ, ಸೂಜಿಯ ಫೋಬಿಯಾ ಇರುವ ಹಲವರಲ್ಲಿ ಎದೆಬಡಿತ ಮೊದಲು ಏರಿ, ನಂತರ ದಿಢೀರನೆ ಇಳಿಯುತ್ತದೆ. ರಕ್ತದೊತ್ತಡವೂ ಕುಸಿಯುತ್ತದೆ. ಮಿದುಳಿಗೆ ಹೋಗುವ ರಕ್ತ ಕಡಿಮೆಯಾಗಿ ಪ್ರಜ್ಞೆ ತಪ್ಪುತ್ತದೆ. ಇದು ದೇಹದ ಪ್ರತಿಕ್ರಿಯೆ. ‘ಧೈರ್ಯ ತಂದುಕೋ’ ಎಂದು ಗದರಿದರೆ ನಿಲ್ಲುವುದಿಲ್ಲ.

ಏನು ಮಾಡಬಹುದು?

ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ 1980ರ ದಶಕದಲ್ಲಿ ಇದಕ್ಕೊಂದು ಅಭ್ಯಾಸ ರೂಪಿಸಿದರು. ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು 10-15 ಸೆಕೆಂಡ್ ಬಿಗಿಹಿಡಿದು, 20-30 ಸೆಕೆಂಡ್ ಸಡಿಲ ಬಿಡಬೇಕು. ಹೀಗೆ ಐದು ಬಾರಿ ಮಾಡಬೇಕು. ಇದರಿಂದ ರಕ್ತದೊತ್ತಡ ಕುಸಿಯುವುದು ತಪ್ಪುತ್ತದೆ. ಸೂಜಿ ಚುಚ್ಚುವ ಕೈಯನ್ನು ಮಾತ್ರ ಸಡಿಲವಾಗಿಡಿ. ಬಿಪಿ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಿ.

ಹಿಂದೆ ತಲೆಸುತ್ತು ಬಂದಿದ್ದರೆ ನರ್ಸ್‌ಗೆ ಮೊದಲೇ ತಿಳಿಸಿ, ಮಲಗಿಯೇ ರಕ್ತ ಕೊಡಿ.

ಫೋಬಿಯಾಕ್ಕೆ ಮುಖ್ಯ ಚಿಕಿತ್ಸೆ ಎಕ್ಸ್‌ಪೋಶರ್ ಥೆರಪಿ. ಮೊದಲು ಸೂಜಿಯ ಚಿತ್ರ, ಆಮೇಲೆ ಸಿರಿಂಜ್, ಕೊನೆಗೆ ನಿಜವಾದ ಇಂಜೆಕ್ಷನ್ ಹೀಗೆ ತಜ್ಞರ ನೆರವಿನಲ್ಲಿ ಹಂತಹಂತವಾಗಿ ಭಯವನ್ನು ಎದುರಿಸುವ ವಿಧಾನವಿದು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಟೆಲಿ-ಮಾನಸ್‌ಗೆ (14416) ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.